ಮಿಸಿಸಿಪ್ಪಿಯ ಒಂಬತ್ತು ಅಡಿ ನೀರು: ಬಾರ್ಜ್ ನಿಂತರೆ ರೈತನಿಗೇಕೆ ಪೆಟ್ಟು?

ಸೆಪ್ಟೆಂಬರ್ ಬಂತೆಂದರೆ ಅಮೆರಿಕದಿಂದ ಒಂದೇ ಬಗೆಯ ಸುದ್ದಿ ಬರತೊಡಗುತ್ತದೆ. ಮಿಸಿಸಿಪ್ಪಿ ನದಿಯಲ್ಲಿ ನೀರು ತಗ್ಗಿದೆ, ಸರಕು ಹೊರುವ ಬಾರ್ಜ್‌ಗಳು ಸಾಲುಗಟ್ಟಿ ನಿಂತಿವೆ, ಸೋಯಾ ಮತ್ತು ಮೆಕ್ಕೆಜೋಳದ ಸಾಗಣೆ ಕುಂಟುತ್ತಿದೆ. 2022ರಲ್ಲಿ ಶುರುವಾದ ಈ ತಾಪತ್ರಯ 2025ರಲ್ಲಿ ಸತತ ನಾಲ್ಕನೇ ವರ್ಷವೂ ಬಂತು.

ಸುದ್ದಿ ಓದಿದವರಿಗೆ ತಲೆಬುಡ ಅರ್ಥವಾಗದಿದ್ದರೆ ಅದು ಅವರ ತಪ್ಪಲ್ಲ. ನೀರಿನ ಮಟ್ಟ ‘ಮೈನಸ್ 12 ಅಡಿ’ ಎನ್ನುತ್ತಾರೆ. ಬಾರ್ಜ್ ಬಾಡಿಗೆ ‘ಶೇ. 2,653’ ಎನ್ನುತ್ತಾರೆ. ನೀರು ಕಮ್ಮಿಯಾದರೆ ದೋಣಿಯವರಿಗೆ ನಷ್ಟ ಆಗಬೇಕಲ್ವಾ, ನೂರಾರು ಮೈಲಿ ದೂರದ ಅಯೋವಾ, ಇಲಿನಾಯ್ ರೈತರು ಏಕೆ ಗೋಳಾಡುತ್ತಾರೆ? ವಸಂತದಲ್ಲಿ ಊರು ಮುಳುಗಿಸುವ ನದಿಗೆ ಕೊಯ್ಲಿನ ಹೊತ್ತಿಗೆ ಏನಾಗುತ್ತದೆ? ಒಂದೊಂದಾಗಿ ಬಿಡಿಸಿ ನೋಡೋಣ. ಗಂಗೆಯಲ್ಲಿ ಇದೇ ಬಗೆಯ ಸಾಗಣೆ ಕಟ್ಟಲು ಹೊರಟಿರುವ ನಮಗೂ ಈ ಲೆಕ್ಕ ಬೇಕಾದದ್ದು.

ಮೈನಸ್ ಅಂದರೆ ಬತ್ತಿತು ಅಂತಲ್ಲ

ನದಿ ದಡದಲ್ಲಿ ನೆಟ್ಟ ಅಳತೆಗೋಲಿನ ಸೊನ್ನೆ ನದಿಯ ತಳ ಅಲ್ಲ. ಅದು ಬಹಳ ಹಿಂದೆ ಗೊತ್ತು ಮಾಡಿಕೊಂಡ ಒಂದು ಗುರುತು, ಅಷ್ಟೇ. ಆ ಗುರುತಿಗಿಂತ ನೀರು ಕೆಳಗಿಳಿದರೆ ಮೈನಸ್ ಎಂದು ಬರೆಯುತ್ತಾರೆ. ಅದರ ಕೆಳಗೂ ನದಿ ಹರಿಯುತ್ತಲೇ ಇರುತ್ತದೆ.

ಟೆನೆಸ್ಸೀ ರಾಜ್ಯದ ಮೆಂಫಿಸ್‌ನ ಅಳತೆಗೋಲು ಇಡೀ ಸಾಗಣೆಯ ನಾಡಿ ಇದ್ದಂತೆ. ಅಲ್ಲಿ 1988ರ ಬರದಲ್ಲಿ ಮೈನಸ್ 10.70 ಅಡಿ ದಾಖಲಾಗಿತ್ತು. 2022ರ ಅಕ್ಟೋಬರ್‌ನಲ್ಲಿ ಆ ದಾಖಲೆ ಮುರಿದು ಮೈನಸ್ 10.81ಕ್ಕೆ ಇಳಿಯಿತು. ಮರುವರ್ಷವೇ, 2023ರ ಅಕ್ಟೋಬರ್‌ನಲ್ಲಿ, ಮೈನಸ್ 12 ಅಡಿ ಮುಟ್ಟಿತು. ಇದೇ ಜಾಗದಲ್ಲಿ 2011ರ ಮೇ ತಿಂಗಳ ಪ್ರವಾಹದಲ್ಲಿ ನೀರು 48 ಅಡಿಗೆ ಏರಿತ್ತು. ಅಂದರೆ ಒಂದೇ ಕಡೆ, ಹದಿಮೂರು ವರ್ಷದೊಳಗೆ, 60 ಅಡಿಯಷ್ಟು ಏರುಪೇರು. ಇಂಥ ನದಿಯನ್ನು ನಂಬಿ ಅಮೆರಿಕ ತನ್ನ ಧಾನ್ಯ ರಫ್ತಿನ ಸುಮಾರು ಶೇ. 60 ಪಾಲನ್ನು ಸಾಗಿಸುತ್ತದೆ.

ಹಿಂದಿನಿಂದ ತಳ್ಳುವ ಬೋಟು, ಮುಂದೆ ಕಬ್ಬಿಣದ ಮೈದಾನ

ಇಲ್ಲಿ ಓಡಾಡುವುದು ಸಮುದ್ರದ ಹಡಗಲ್ಲ. ಬಾರ್ಜ್ ಎಂದರೆ ಎಂಜಿನ್ ಇಲ್ಲದ, ಚಪ್ಪಟೆ ತಳದ ಕಬ್ಬಿಣದ ಪೆಟ್ಟಿಗೆ. ಸಾಮಾನ್ಯ ಧಾನ್ಯದ ಬಾರ್ಜ್ 195 ಅಡಿ ಉದ್ದ, 35 ಅಡಿ ಅಗಲ. ಒಂದರಲ್ಲಿ ಸುಮಾರು 1,500 ಟನ್ ತುಂಬುತ್ತದೆ. ಇಂಥವನ್ನು ಅಕ್ಕಪಕ್ಕ, ಹಿಂದೆಮುಂದೆ ಜೋಡಿಸಿ ಒಂದೇ ತುಂಡು ಮಾಡಿ, ಟೋಬೋಟ್ ಹಿಂದಿನಿಂದ ತಳ್ಳಿಕೊಂಡು ಹೋಗುತ್ತದೆ.

ಜೋಡಿಸುವ ಕೆಲಸ ಯಂತ್ರದ್ದಲ್ಲ, ಡೆಕ್‌ಹ್ಯಾಂಡ್ ಎನ್ನುವ ಬೋಟಿನ ಕೆಲಸಗಾರರದ್ದು. ಭಾರದ ಉಕ್ಕಿನ ಹಗ್ಗವನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ. ಒಂದು ಬಾರ್ಜ್‌ನ ಗೂಟದಿಂದ ಇನ್ನೊಂದರ ಗೂಟಕ್ಕೆ ಸುತ್ತಿ, ರ್‍ಯಾಚೆಟ್ ಹಾಕಿ ಹಗ್ಗ ಬಿಗಿಯಾಗುವ ತನಕ ತಿರುಗಿಸುತ್ತಾರೆ. ಆರು ಗಂಟೆ ಕೆಲಸ, ಆರು ಗಂಟೆ ವಿಶ್ರಾಂತಿ, ಮತ್ತೆ ಆರು ಗಂಟೆ ಕೆಲಸ. ವಾರಗಟ್ಟಲೆ ಬೋಟಿನಲ್ಲೇ ವಾಸ. ಲಾಕ್‌ನೊಳಗೆ, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ಬೋಟು ದಾಟಿಸುವ ಗೇಟಿನ ತೊಟ್ಟಿಯೊಳಗೆ, ನುಗ್ಗುವಾಗ ಒಬ್ಬ ಡೆಕ್‌ಹ್ಯಾಂಡ್ ಬಾರ್ಜ್‌ಗಳ ತುತ್ತತುದಿಯಲ್ಲಿ ನಿಂತು ಗೋಡೆ ಇನ್ನೆಷ್ಟು ಅಡಿ ದೂರ ಎಂದು ರೇಡಿಯೋದಲ್ಲಿ ಹೇಳುತ್ತಾ ಹೋಗುತ್ತಾನೆ. ಚುಕ್ಕಾಣಿ ಹಿಡಿದ ಪೈಲಟ್ ಅವನಿಂದ ಸುಮಾರು ಸಾವಿರ ಅಡಿ ಹಿಂದಿರುತ್ತಾನೆ. ಆ ಕ್ಷಣಕ್ಕೆ ಪೈಲಟ್‌ನ ಕಣ್ಣು ಈ ಡೆಕ್‌ಹ್ಯಾಂಡ್‌ನ ಮಾತೇ.

ಹದಿನೈದು ಬಾರ್ಜ್‌ಗಳ ಒಂದು ಜೋಡಣೆಯಲ್ಲಿ 22,500 ಟನ್ ಹೋಗುತ್ತದೆ. ಅದನ್ನೇ ರಸ್ತೆಯಲ್ಲಿ ಸಾಗಿಸಲು ಸುಮಾರು 870 ಲಾರಿ ಬೇಕು. ರೈಲಿನಲ್ಲಾದರೆ 200ಕ್ಕೂ ಜಾಸ್ತಿ ವ್ಯಾಗನ್. ಅಗ್ಗ ಎನ್ನುವುದು ಬರುವುದು ಇಲ್ಲಿಂದ: ಒಂದೇ ಟೋಬೋಟ್, ಹತ್ತು ಜನರ ಆಸುಪಾಸಿನ ಸಿಬ್ಬಂದಿ, ಇಷ್ಟೊಂದು ಸರಕು.

ನದಿಯ ಮೇಲ್ಭಾಗ ಮತ್ತು ಕೆಳಭಾಗದ ಸ್ವಭಾವ ಬೇರೆ ಬೇರೆ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಮಿನಿಯಾಪೊಲಿಸ್‌ನಿಂದ ಸೇಂಟ್ ಲೂಯಿಸ್ ತನಕ ಎರಡು ಡಜನ್‌ಗೂ ಹೆಚ್ಚು ಕಟ್ಟೆ ಮತ್ತು ಲಾಕ್‌ಗಳಿವೆ. ಬೋಟುಗಳು ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಲಾಕ್ ದಾಟುತ್ತವೆ. ಕಟ್ಟೆಗಳು ನೀರು ಹಿಡಿದಿಡುವುದರಿಂದ ಬರದಲ್ಲೂ ಅಲ್ಲಿ ಹೇಗೋ ಆಳ ಉಳಿಯುತ್ತದೆ. ಸೇಂಟ್ ಲೂಯಿಸ್ ದಾಟಿದ ಮೇಲೆ ಸಮುದ್ರದ ತನಕ ಒಂದೂ ಕಟ್ಟೆ ಇಲ್ಲ. ನದಿ ಅಗಲ, ಮೂವತ್ತು ನಲವತ್ತು ಬಾರ್ಜ್‌ಗಳನ್ನು ಒಟ್ಟಿಗೆ ತಳ್ಳಬಹುದು. ಆದರೆ ಮಳೆ ಕೈಕೊಟ್ಟರೆ ನೀರು ಹಿಡಿಯುವವರೂ ಇಲ್ಲ.

ಒಂದು ಅಡಿ ಇಳಿದರೆ

ಸರ್ಕಾರ ಕಾನೂನುಬದ್ಧವಾಗಿ ಕಾಪಾಡಬೇಕಾದ ಆಳ ಒಂಬತ್ತು ಅಡಿ. ಮೇಲ್ ಮಿಸಿಸಿಪ್ಪಿಗೆ ಅಮೆರಿಕದ ಕಾಂಗ್ರೆಸ್ ಇದನ್ನು 1930ರಲ್ಲಿ ಗೊತ್ತು ಮಾಡಿತು. ಜವಾಬ್ದಾರಿ ಸೇನೆಯ ಎಂಜಿನಿಯರ್ ದಳದ್ದು, ಅಂದರೆ ಆರ್ಮಿ ಕೋರ್‌ನದ್ದು. ನೀರು ಚೆನ್ನಾಗಿದ್ದಾಗ ಕೆಳನದಿಯಲ್ಲಿ ಬಾರ್ಜ್‌ಗಳನ್ನು ಇದಕ್ಕಿಂತ ಆಳಕ್ಕೂ ತುಂಬುತ್ತಾರೆ.

ಬಾರ್ಜ್ ಒಂದು ಅಡಿ ಮೇಲೆ ತೇಲಬೇಕು ಎಂದರೆ ಸುಮಾರು 200 ಟನ್ ಕಮ್ಮಿ ತುಂಬಬೇಕು. ನೀರು ತಗ್ಗಿದಾಗ ಆಳದ ಜೊತೆ ದಾರಿಯ ಅಗಲವೂ ಕುಗ್ಗುತ್ತದೆ. ತಿರುವುಗಳಲ್ಲಿ ಮರಳ ದಿಬ್ಬ ಮೇಲೇಳುತ್ತದೆ. ಆಗ ಕೋಸ್ಟ್ ಗಾರ್ಡ್ ಒಂದು ಬೋಟು ಇಷ್ಟೇ ಬಾರ್ಜ್ ತಳ್ಳಬೇಕು ಎಂದು ಮಿತಿ ಹಾಕುತ್ತದೆ.

ಒಂದು ಉದಾಹರಣೆಯ ಲೆಕ್ಕ ಮಾಡೋಣ. ಒಳ್ಳೆಯ ದಿನಗಳಲ್ಲಿ 30 ಬಾರ್ಜ್, ತಲಾ 1,500 ಟನ್, ಒಟ್ಟು 45,000 ಟನ್ ಒಂದೇ ಸಲಕ್ಕೆ ಹೋಗುತ್ತದೆ. ನೀರು ತಗ್ಗಿತು. ಪ್ರತಿ ಬಾರ್ಜ್ ಎರಡು ಅಡಿ ಹಗುರ ಆಗಬೇಕು, 1,100 ಟನ್ ಮಾತ್ರ. ಬಾರ್ಜ್ ಸಂಖ್ಯೆ 25ಕ್ಕೆ ಇಳಿಯಿತು. ಒಟ್ಟು 27,500 ಟನ್. ಬೋಟು ಅದೇ, ಸಿಬ್ಬಂದಿ ಅಷ್ಟೇ, ಆದರೆ ಸರಕು ಹತ್ತಿರ ಹತ್ತಿರ ಶೇ. 40 ಕಮ್ಮಿ. ಇದರ ಮೇಲೆ ಕಿರಿದಾದ ಜಾಗಗಳಲ್ಲಿ ಒಂದು ಕಡೆಯವರು ದಾಟುವ ತನಕ ಇನ್ನೊಂದು ಕಡೆಯವರು ಕಾಯಬೇಕು. ಯಾರಾದರೂ ಮರಳಿಗೆ ಸಿಕ್ಕಿಕೊಂಡರೆ ಎಲ್ಲರೂ ನಿಲ್ಲಬೇಕು. 2022ರ ಅಕ್ಟೋಬರ್ ಮೊದಲ ವಾರದಲ್ಲಿ ಹೀಗೆ 2,000ಕ್ಕೂ ಹೆಚ್ಚು ಬಾರ್ಜ್‌ಗಳು ನಿಂತುಬಿಟ್ಟಿದ್ದವು.

ನದಿ ಮುಚ್ಚುವುದೇನೂ ಬೇಡ. ಬಾರ್ಜ್ ಹಗುರ, ಸಾಲು ಚಿಕ್ಕದು, ಪ್ರಯಾಣ ನಿಧಾನ. ಈ ಮೂರೂ ಒಟ್ಟಿಗೆ ಬಂದರೆ ಇಡೀ ವ್ಯವಸ್ಥೆಯ ಸಾಮರ್ಥ್ಯ ಅರ್ಧಕ್ಕೆ ಇಳಿದಂತೆಯೇ.

ಶೇ. 2,653ರ ಗುಟ್ಟು

ಬಾರ್ಜ್ ಬಾಡಿಗೆಯನ್ನು ಇವತ್ತಿಗೂ 1976ರ ಒಂದು ದರಪಟ್ಟಿಯ ಶೇಕಡಾವಾರು ಲೆಕ್ಕದಲ್ಲಿ ಹೇಳುವುದು ರೂಢಿ. ಆ ಪಟ್ಟಿಯಲ್ಲಿ ಸೇಂಟ್ ಲೂಯಿಸ್‌ನಿಂದ ಟನ್ನಿಗೆ 3.99 ಡಾಲರ್. ಹಾಗಾಗಿ ‘ಶೇ. 2,653’ ಎಂದರೆ ಕಳೆದ ವಾರಕ್ಕಿಂತ ಇಪ್ಪತ್ತಾರು ಪಟ್ಟು ಏರಿತು ಎಂದು ಅರ್ಥವಲ್ಲ. 3.99ರ 26.53 ಪಟ್ಟು, ಅಂದರೆ ಟನ್ನಿಗೆ 105.85 ಡಾಲರ್. 2022ರ ಅಕ್ಟೋಬರ್‌ನಲ್ಲಿ ದರ ಅಲ್ಲಿಗೆ ಮುಟ್ಟಿತ್ತು. ತಲೆಬರಹ ನೋಡಿ ಗಾಬರಿಯಾಗುವಷ್ಟು ಅಲ್ಲದಿದ್ದರೂ, ಅದು ಅಲ್ಲಿಯವರೆಗೆ ಕಾಣದ ದರವೇ.

ಇನ್ನೊಂದು ಮಾತು. ಇದು ಆ ಕ್ಷಣಕ್ಕೆ ಬಾರ್ಜ್ ಹುಡುಕುವವರು ಕೊಡುವ ದರ. ದೊಡ್ಡ ಧಾನ್ಯ ಕಂಪನಿಗಳು ಬಹಳಷ್ಟು ಸಾಗಣೆಯನ್ನು ಮೊದಲೇ ಮಾತಾಡಿಕೊಂಡಿರುತ್ತವೆ. ಆದರೆ ರೈತನ ಧಾನ್ಯಕ್ಕೆ ಬೆಲೆ ಕಟ್ಟುವಾಗ ಲೆಕ್ಕಕ್ಕೆ ಬರುವುದು ಈ ಏರಿದ ದರವೇ.

ಹೊರೆ ಇಳಿಯುವುದು ಯಾರ ಹೆಗಲಿಗೆ

ಸೋಯಾದ ಬೆಲೆ ನಿರ್ಧಾರವಾಗುವುದು ಜಗತ್ತಿನ ಮಾರುಕಟ್ಟೆಯಲ್ಲಿ. ಚೀನಾದ ಗಿರಣಿಗೆ ಅಮೆರಿಕದ ಸೋಯಾ ದುಬಾರಿ ಎನಿಸಿದರೆ ಬ್ರೆಜಿಲ್‌ನದ್ದು ಇದ್ದೇ ಇದೆ. ಹಾಗಾಗಿ ನ್ಯೂ ಆರ್ಲಿಯನ್ಸ್ ಬಳಿಯ ಬಂದರಿನಲ್ಲಿ ಕೂತ ವ್ಯಾಪಾರಿ ಬಾಡಿಗೆ ಏರಿದ್ದನ್ನೆಲ್ಲ ಕೊಳ್ಳುವವನ ಮೇಲೆ ಹಾಕಲಾರ. ಅವನು ಹಿಂದಕ್ಕೆ ತಿರುಗಿ, ನದಿ ದಂಡೆಯ ಧಾನ್ಯದ ಗೋದಾಮಿಗೆ ಕೊಡುವ ಬೆಲೆ ಇಳಿಸುತ್ತಾನೆ. ಗೋದಾಮಿನವನು ರೈತನಿಗೆ ಕೊಡುವ ಬೆಲೆ ಇಳಿಸುತ್ತಾನೆ. ರೈತನ ಹಿಂದೆ ಮತ್ತಾರೂ ಇಲ್ಲ.

ಅಂಕಿಯಲ್ಲಿ ನೋಡಿದರೆ, ಟನ್ನಿಗೆ 105 ಡಾಲರ್ ಬಾಡಿಗೆ ಎಂದರೆ ಒಂದು ಬುಶೆಲ್‌ಗೆ, ಅಂದರೆ ಸುಮಾರು 27 ಕಿಲೋ ಸೋಯಾಕ್ಕೆ, ಮೂರು ಡಾಲರ್ ಮೇಲೆ. ಆಗ ಚಿಕಾಗೋದ ಧಾನ್ಯ ಮಾರುಕಟ್ಟೆಯಲ್ಲಿ ಬುಶೆಲ್ ಬೆಲೆ 14 ಡಾಲರ್ ಆಸುಪಾಸು. ಬೆಲೆಯ ಐದನೇ ಒಂದು ಪಾಲಿಗಿಂತ ಜಾಸ್ತಿ ನದಿ ದಾರಿಗೇ ಹೋಗುತ್ತಿತ್ತು.

ಸ್ವಂತ ಸಿಲೋ ಇದ್ದವನು ಧಾನ್ಯ ಇಟ್ಟುಕೊಂಡು ನೀರು ಏರುವ ತನಕ ಕಾಯುತ್ತಾನೆ. ಇಲ್ಲದವನು, ಸಾಲದ ಕಂತು ತಲೆ ಮೇಲಿರುವವನು, ಕೊಯ್ಲಾದ ದಿನವೇ ಮಾರುತ್ತಾನೆ. ನದಿ ತಗ್ಗಿದ ಪೂರ್ತಿ ಬೆಲೆ ಕೊಡುವವನು ಇವನೇ. ಬೀದರಿನ ಸೋಯಾ ಬೆಳೆಗಾರನಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಸಮಯವೂ ಅವನ ವಿರುದ್ಧ. ನದಿ ಸಹಜವಾಗಿ ತಗ್ಗುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಕೊಯ್ಲೂ ಆಗಲೇ. ಡಿಸೆಂಬರ್ ಹೊತ್ತಿಗೆ ಮೇಲ್ಭಾಗದ ನದಿ ಹಿಮಗಟ್ಟಿ ಮಾರ್ಚ್ ತನಕ ದೋಣಿ ಸಂಚಾರ ನಿಲ್ಲುತ್ತದೆ. ನಡುವೆ ಸಿಗುವುದು ಎರಡೂವರೆ ತಿಂಗಳು. ಇತ್ತ ವಸಂತದ ಬಿತ್ತನೆಗೆ ಬೇಕಾದ ಗೊಬ್ಬರವೂ ಇದೇ ಬಾರ್ಜ್‌ಗಳಲ್ಲಿ ಕೆಳಗಿನಿಂದ ಮೇಲಕ್ಕೆ ಬರಬೇಕು. ಹೀಗಾಗಿ ಮಾರುವಾಗ ಒಂದು ಪೆಟ್ಟು, ಕೊಳ್ಳುವಾಗ ಇನ್ನೊಂದು.

2025ರಲ್ಲಂತೂ ಗಾಯದ ಮೇಲೆ ಬರೆ ಎಳೆದಂತಾಯಿತು. ಸುಂಕದ ಜಗಳದಲ್ಲಿ ಚೀನಾ ತಿಂಗಳುಗಟ್ಟಲೆ ಅಮೆರಿಕದ ಸೋಯಾ ಕೊಳ್ಳುವುದನ್ನೇ ನಿಲ್ಲಿಸಿತ್ತು. ಅಕ್ಟೋಬರ್ ಕೊನೆಯ ಟ್ರಂಪ್-ಷಿ ಮಾತುಕತೆಯ ನಂತರವೇ ಖರೀದಿಯ ಭರವಸೆ ಸಿಕ್ಕಿದ್ದು. ಅಷ್ಟರಲ್ಲಿ ಕೊಯ್ಲು ಬಹುಪಾಲು ಮುಗಿದಿತ್ತು.

ರೈಲಿಗೆ ಹಾಕಬಾರದೇ?

ಸ್ವಲ್ಪ ಮಟ್ಟಿಗೆ ಹಾಕುತ್ತಾರೆ. ಆದರೆ ಕೊಯ್ಲಿನ ಕಾಲದಲ್ಲಿ ರೈಲೂ ತುಂಬಿರುತ್ತದೆ. ನದಿ ದಂಡೆಯ ಗೋದಾಮುಗಳು ಬಾರ್ಜ್‌ಗೆಂದೇ ಕಟ್ಟಿದವು, ಎಲ್ಲದರ ಹತ್ತಿರವೂ ಹಳಿ ಇಲ್ಲ. ನದಿ ಕೈಕೊಟ್ಟಾಗ ರೈಲಿಗೆ ಬೇಡಿಕೆ ಏರುತ್ತದೆ, ಅದರ ದರವೂ ಏರುತ್ತದೆ. ಬಾರ್ಜ್ ಇರುವುದೇ ರೈಲು ಕಂಪನಿಗಳ ದರಕ್ಕೆ ಕಡಿವಾಣ ಎನ್ನುವುದು ರೈತ ಸಂಘಗಳ ಹಳೆಯ ವಾದ. ಅದರಲ್ಲಿ ಹುರುಳಿದೆ.

ನೀರು ಹೋಗಿದ್ದೆಲ್ಲಿ

ಮಿಸಿಸಿಪ್ಪಿ ಎಂದರೆ ಒಂದು ನದಿಯಲ್ಲ, ಮೂರು ದೊಡ್ಡ ನದಿಗಳ ಕೂಡಲಿ. ಪಶ್ಚಿಮದಿಂದ ಮಿಸ್ಸೌರಿ ಬರುತ್ತದೆ. ಅದು ಉದ್ದದಲ್ಲಿ ದೊಡ್ಡದು, ನೀರಿನಲ್ಲಿ ಸಣ್ಣದು. ಪೂರ್ವದಿಂದ ಬರುವ ಒಹಾಯೋ ಉದ್ದದಲ್ಲಿ ಸಣ್ಣದಾದರೂ, ಕೈರೋ ಎಂಬ ಊರಿನ ಬಳಿ ಸೇರುವಾಗ ಕೆಳನದಿಯ ಅರ್ಧಕ್ಕಿಂತ ಹೆಚ್ಚು ನೀರು ಅದರದ್ದೇ. ಹಾಗಾಗಿ ಒಹಾಯೋ ಕಣಿವೆಯಲ್ಲಿ ಬೇಸಿಗೆ ಕೊನೆಯ ಮಳೆ ತಪ್ಪಿತೆಂದರೆ ಮೆಂಫಿಸ್ ಅಳತೆಗೋಲು ಸರ್ರನೆ ಇಳಿಯುತ್ತದೆ. ಅಯೋವಾದಲ್ಲಿ ಬೆಳೆ ಸೊಂಪಾಗಿ ಬಂದ ವರ್ಷವೂ ಹೀಗೆ ಆಗಬಹುದು. ಬೆಳೆ ಚೆನ್ನಾಗಿದೆ, ಸಾಗಿಸಲು ದಾರಿಯಿಲ್ಲ ಎಂಬ ವಿಚಿತ್ರ ಸ್ಥಿತಿ ಬರುವುದು ಹೀಗೆ.

ತಾಪಮಾನ ಏರಿದಂತೆ ಮಣ್ಣು ಬೇಗ ಒಣಗುತ್ತದೆ, ಮಳೆ ಬಂದರೆ ಒಂದೇ ಸಲ ಸುರಿಯುತ್ತದೆ. 2011ರಲ್ಲಿ ಮಹಾಪ್ರವಾಹ, 2012ರಲ್ಲಿ ಬರ. 2019ರಲ್ಲಿ ತಿಂಗಳುಗಟ್ಟಲೆ ಇಳಿಯದ ನೆರೆ, 2022ರಿಂದ ಸಾಲಾಗಿ ತಗ್ಗು ನೀರು. ಒಂದೊಂದು ವರ್ಷದ ಏರಿಳಿತಕ್ಕೆ ಹವಾಮಾನ ಬದಲಾವಣೆಯೇ ಕಾರಣ ಎಂದು ಬೆರಳು ತೋರಿಸಲಾಗದು. ಆದರೆ ಎರಡೂ ತುದಿಗೆ ಹೊಯ್ದಾಡುವ ನದಿಗಾಗಿ ಇನ್ನು ಮುಂದೆ ಯೋಜನೆ ಮಾಡಬೇಕು ಎನ್ನುವುದರಲ್ಲಿ ಅನುಮಾನ ಕಮ್ಮಿ.

ಪರಿಹಾರ ಏನು ಎಂಬ ಜಗಳ

ಇಲ್ಲಿ ಎತ್ತು ಏರಿಗೆ, ಕೋಣ ನೀರಿಗೆ.

ಬಾರ್ಜ್ ಕಂಪನಿಗಳು ಮತ್ತು ರೈತ ಸಂಘಗಳು ಕೇಳುವುದು ಎರಡು: ಹೂಳೆತ್ತುವುದು ಹೆಚ್ಚಾಗಲಿ, ಹಳೆಯ ಲಾಕ್‌ಗಳು ದೊಡ್ಡದಾಗಲಿ. ಆರ್ಮಿ ಕೋರ್ ಹೂಳೆತ್ತುತ್ತಲೇ ಇದೆ. ಸೇಂಟ್ ಲೂಯಿಸ್ ವಿಭಾಗದ ‘ಪಾಟರ್’ ಎಂಬ ಹೂಳೆತ್ತುವ ಹಡಗು 1932ರಲ್ಲಿ ಕಟ್ಟಿದ್ದು. 2022ರ ಬರದಲ್ಲೂ ಅದೇ ಹಗಲೂ ರಾತ್ರಿ ದುಡಿಯಿತು. ಇನ್ನು ಲಾಕ್‌ಗಳ ವಿಷಯ. ಮೇಲ್ಭಾಗದ ಹೆಚ್ಚಿನ ಲಾಕ್‌ಗಳು 600 ಅಡಿ ಉದ್ದದವು, ಹದಿನೈದು ಬಾರ್ಜ್‌ಗಳ ಸಾಲು ಅದರ ಎರಡರಷ್ಟು. ಹಾಗಾಗಿ ಪ್ರತಿ ಲಾಕ್‌ನಲ್ಲೂ ಹಗ್ಗ ಬಿಚ್ಚಿ, ಸಾಲನ್ನು ಎರಡು ತುಂಡು ಮಾಡಿ, ಒಂದಾದ ಮೇಲೊಂದು ದಾಟಿಸಿ, ಆ ಕಡೆ ಮತ್ತೆ ಬಿಗಿಯಬೇಕು. ಏಳು ಹೊಸ 1,200 ಅಡಿ ಲಾಕ್‌ಗಳಿಗೆ 2007ರಲ್ಲೇ ಕಾಂಗ್ರೆಸ್ ಒಪ್ಪಿಗೆ ಕೊಟ್ಟಿತು. ಮೊದಲನೆಯದಾದ ಮಿಸ್ಸೌರಿಯ 25ನೇ ಲಾಕ್‌ಗೆ ದೊಡ್ಡ ಮೊತ್ತ, 73.2 ಕೋಟಿ ಡಾಲರ್, ಸಿಕ್ಕಿದ್ದು 2022ರಲ್ಲಿ.

ಪರಿಸರ ಸಂಘಟನೆಗಳ ಆಕ್ಷೇಪ ಬೇರೆ. ಆಳ ಉಳಿಸಲು ದಡದಿಂದ ನದಿಯೊಳಕ್ಕೆ ಕಲ್ಲಿನ ಒಡ್ಡು ಚಾಚಿದ್ದಾರೆ. ನೀರು ನಡುಪಾತ್ರದಲ್ಲಿ ರಭಸವಾಗಿ ಹರಿದು ತನ್ನ ಹೂಳನ್ನು ತಾನೇ ಕೊಚ್ಚಿಕೊಂಡು ಹೋಗಲಿ ಎಂಬುದು ಉದ್ದೇಶ. ಆದರೆ ಇದರಿಂದ ನದಿ ಕಿರಿದಾಗಿ, ಪಕ್ಕದ ಜೌಗು ಮತ್ತು ಮೀನಿನ ತಾಣ ಸಾಯುತ್ತವೆ, ನೆರೆಯ ಮಟ್ಟ ಏರುತ್ತದೆ ಎನ್ನುತ್ತಾರೆ. ನೆರೆ ಏರುತ್ತದೆ ಎನ್ನುವ ಮಾತನ್ನು ಕೋರ್ ಒಪ್ಪುವುದಿಲ್ಲ. ಈ ವಾದ ವರ್ಷಗಳಿಂದ ನಡೆದೇ ಇದೆ.

ಮೂರನೆಯ ಜಗಳ ದುಡ್ಡಿನದು. ಬಾರ್ಜ್ ಕಂಪನಿಗಳು ಗ್ಯಾಲನ್ ಡೀಸೆಲ್‌ಗೆ 29 ಸೆಂಟ್ ತೆರಿಗೆ ಕಟ್ಟುತ್ತವೆ. ಅದು ಹೊಸ ಲಾಕ್ ಕಟ್ಟುವ ಖರ್ಚಿನ ಒಂದು ಪಾಲಿಗೆ ಮಾತ್ರ. ಹೂಳೆತ್ತುವುದು, ಲಾಕ್ ನಡೆಸುವುದು, ದುರಸ್ತಿ ಎಲ್ಲವೂ ಕೇಂದ್ರ ಸರ್ಕಾರದ ಬೊಕ್ಕಸದಿಂದ. ನಾವು ನಮ್ಮ ಹಳಿಯನ್ನು ನಮ್ಮ ದುಡ್ಡಲ್ಲೇ ನೋಡಿಕೊಳ್ಳುತ್ತೇವೆ, ಅವರಿಗೇಕೆ ಸಾರ್ವಜನಿಕರ ಹಣ ಎಂದು ರೈಲು ಕಂಪನಿಗಳು ಕೇಳುತ್ತವೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ತೆರಿಗೆ ಏರಿಸಿದರೆ ಅದೂ ಮೇಲೆ ಹೇಳಿದ ದಾರಿಯಲ್ಲೇ ಇಳಿದು ಕೊನೆಗೆ ರೈತನ ಬೆಲೆಗೇ ಬಂದು ನಿಲ್ಲುತ್ತದೆ. ಹಾಗಾಗಿ ಆಳ ಕಾಪಾಡುವ ಖರ್ಚನ್ನು ಸಮಾಜ ಹೊರುವುದೇ ಸರಿ, ಪ್ರತಿಯಾಗಿ ನದಿಯ ಜೀವಕ್ಕೂ ಪಾಲು ಕೊಡಬೇಕು ಎಂಬುದು ಈ ಲೇಖನದ ನಿಲುವು. 2007ರ ಒಪ್ಪಿಗೆಯಲ್ಲಿ ಲಾಕ್ ಮತ್ತು ಪರಿಸರ ಪುನಶ್ಚೇತನ ಎರಡನ್ನೂ ಒಂದೇ ಯೋಜನೆಯಲ್ಲಿ ಸೇರಿಸಿದ್ದು ಒಳ್ಳೆಯ ಕೆಲಸವೇ.

ಮೇಲಿನ ಜಲಾಶಯಗಳಿಂದ ನೀರು ಬಿಡಬಹುದಲ್ಲ ಎಂದು ನಮಗೆ ತಕ್ಷಣ ಅನಿಸುತ್ತದೆ. ಕಾವೇರಿ, ಕೃಷ್ಣಾ ನೋಡಿದವರಿಗೆ ಉತ್ತರವೂ ಹೊಳೆಯುತ್ತದೆ. 2012ರ ಕೊನೆಯಲ್ಲಿ ಮಿಸ್ಸೌರಿಯ ಜಲಾಶಯಗಳಿಂದ ನೀರು ಬಿಡಿ ಎಂದು ಮಿಸಿಸಿಪ್ಪಿ ಕಡೆಯವರು ಪಟ್ಟು ಹಿಡಿದರು. ಡಕೋಟಾ, ಮೊಂಟಾನಾ ಕಡೆಯವರಿಗೆ ತಮ್ಮ ನೀರಿನ ಚಿಂತೆ. ಆ ನೀರು ಮಿಸ್ಸೌರಿ ಕಣಿವೆಯ ಅಗತ್ಯಕ್ಕೆ, ಮಿಸಿಸಿಪ್ಪಿಯ ದೋಣಿಗಾಗಿ ಬಿಡಲು ಕಾನೂನಿಲ್ಲ ಎಂದು ಕೋರ್ ಹೇಳಿತು. ಬದಲಿಗೆ ಇಲಿನಾಯ್‌ನ ಥೀಬ್ಸ್ ಬಳಿ ನದಿ ತಳದ ಬಂಡೆಗಳನ್ನು ಒಡೆಸಿ ದಾರಿ ಮಾಡಿಕೊಟ್ಟಿತು.

ಕುಡಿಯುವ ನೀರಿಗೂ ಉಪ್ಪು

ನದಿ ಸೊರಗಿದರೆ ತೊಂದರೆ ಸಾಗಣೆಗೆ ಮಾತ್ರ ಅಲ್ಲ. ನ್ಯೂ ಆರ್ಲಿಯನ್ಸ್ ಕಡೆ ನದಿಯ ತಳ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ದೊಡ್ಡ ಹಡಗುಗಳಿಗಾಗಿ ಅದನ್ನು ಇನ್ನೂ ಆಳ ಮಾಡಿದ್ದಾರೆ. ಹರಿವು ಕಮ್ಮಿಯಾದಾಗ ಭಾರವಾದ ಉಪ್ಪುನೀರು ತಳದಲ್ಲೇ ತೆವಳುತ್ತಾ ಮೇಲಕ್ಕೆ ಬರುತ್ತದೆ. ತಡೆಯಲು ಕೋರ್ 2022ರಲ್ಲೂ 2023ರಲ್ಲೂ ನದಿಯ ತಳದಲ್ಲಿ ಹೂಳಿನ ದಿಬ್ಬ ಕಟ್ಟಿತು. 2023ರ ಸೆಪ್ಟೆಂಬರ್‌ನಲ್ಲಿ ಉಪ್ಪುನೀರು ಆ ದಿಬ್ಬವನ್ನೂ ದಾಟಿತು, ಮತ್ತೆ ಎತ್ತರಿಸಬೇಕಾಯಿತು. ಪ್ಲಾಕ್‌ಮಿನ್ಸ್ ಪ್ರದೇಶದ ಶುದ್ಧೀಕರಣ ಘಟಕಗಳಿಗೆ ಮೇಲಿನಿಂದ ಸಿಹಿನೀರು ತಂದುಕೊಟ್ಟದ್ದು ಬಾರ್ಜ್‌ಗಳೇ.

ಗಂಗೆಯಲ್ಲಿ, ನಮ್ಮ ನದಿಗಳಲ್ಲಿ

2016ರ ಕಾನೂನಿನಿಂದ ಭಾರತದಲ್ಲಿ ರಾಷ್ಟ್ರೀಯ ಜಲಮಾರ್ಗಗಳ ಸಂಖ್ಯೆ 111ಕ್ಕೆ ಏರಿತು. ಒಳನಾಡು ಜಲಸಾಗಣೆ 2013-14ರಲ್ಲಿ 1.8 ಕೋಟಿ ಟನ್ ಇದ್ದದ್ದು 2023-24ರಲ್ಲಿ 13.3 ಕೋಟಿ ಟನ್ ಆಯಿತು. ಇವುಗಳಲ್ಲಿ ಮೊದಲನೆಯದು ಹಲ್ದಿಯಾದಿಂದ ಪ್ರಯಾಗರಾಜ್ ತನಕದ 1,620 ಕಿ.ಮೀ. ವಿಶ್ವಬ್ಯಾಂಕ್ ನೆರವಿನ ಜಲಮಾರ್ಗ ವಿಕಾಸ ಯೋಜನೆಯಲ್ಲಿ ವಾರಾಣಸಿ, ಸಾಹಿಬ್‌ಗಂಜ್‌ನಲ್ಲಿ ಟರ್ಮಿನಲ್ ಕಟ್ಟಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಬಂದ ‘ಜಲವಾಹಕ್’ ಯೋಜನೆ 300 ಕಿ.ಮೀ.ಗಿಂತ ದೂರ ನದಿಯಲ್ಲಿ ಸರಕು ಕಳಿಸುವವರಿಗೆ ಖರ್ಚಿನ ಶೇ. 35ರ ತನಕ ವಾಪಸ್ ಕೊಡುತ್ತದೆ.

ಮಿಸಿಸಿಪ್ಪಿ ನೋಡಿದ ಮೇಲೆ ಕೇಳಬೇಕಾದ್ದು ಟರ್ಮಿನಲ್ ಎಷ್ಟು ಎಂದಲ್ಲ, ಆಳ ಎಷ್ಟು ದಿನ ನಿಲ್ಲುತ್ತದೆ ಎಂದು. ಗಂಗೆಯಲ್ಲಿ ಗುರಿ ಇಟ್ಟಿರುವ ಕನಿಷ್ಠ ಆಳ ಜಾಗ ನೋಡಿ 2.2ರಿಂದ 3 ಮೀಟರ್. ಒಂಬತ್ತು ಅಡಿಯೆಂದರೆ 2.7 ಮೀಟರ್, ಹೆಚ್ಚು ಕಮ್ಮಿ ಅಷ್ಟೇ. ಆದರೆ ಗಂಗೆ ಹಿಮಾಲಯದ ಅಪಾರ ಹೂಳು ಹೊತ್ತು ತರುವ ನದಿ. ಮಳೆಗಾಲದ ನಂತರ ಅದರ ಆಳದ ದಾರಿಯೇ ಜಾಗ ಬದಲಿಸುತ್ತದೆ. ಪ್ರತಿ ವರ್ಷ ಹೊಸದಾಗಿ ಹುಡುಕಿ ಹೂಳೆತ್ತಬೇಕು. ಬಿಹಾರದ ಸುಲ್ತಾನ್‌ಗಂಜ್‌ನಿಂದ ಕಹಲ್‌ಗಾಂವ್ ತನಕ ಇದೇ ಜಲಮಾರ್ಗ ವಿಕ್ರಮಶಿಲಾ ಡಾಲ್ಫಿನ್ ಧಾಮದ ನಡುವೆ ಹಾದುಹೋಗುತ್ತದೆ. ಗಂಗೆಯ ಡಾಲ್ಫಿನ್‌ಗೆ ಕಣ್ಣು ಕಾಣುವುದಿಲ್ಲವೆಂದೇ ಹೇಳಬೇಕು, ಸದ್ದಿನಿಂದಲೇ ಅದರ ಬದುಕು. ಅಲ್ಲಿ ಬೋಟಿನ ವೇಗ, ಹೂಳೆತ್ತುವ ಕಾಲ ಎರಡಕ್ಕೂ ಗಟ್ಟಿ ನಿಯಮ ಬೇಕು.

ಕರ್ನಾಟಕದ ಕಾಳಿ, ಶರಾವತಿ, ನೇತ್ರಾವತಿ, ಗುರುಪುರ, ಕಬಿನಿ, ಘಟಪ್ರಭಾ, ತುಂಗಭದ್ರಾ ಕೂಡ 2016ರ ಪಟ್ಟಿಯಲ್ಲಿವೆ. ಕರಾವಳಿಯ ನದಿಗಳ ಮಾತು ಬೇರೆ, ಅಲ್ಲಿ ಸಮುದ್ರದ ಉಬ್ಬರ ಆಳ ಕೊಡುತ್ತದೆ, ಅಳಿವೆಯ ಹೂಳು ತೆಗೆದರೆ ಮೀನುಗಾರರಿಗೂ ಅನುಕೂಲ. ಒಳನಾಡಿನ ನದಿಗಳು ಫೆಬ್ರವರಿ ದಾಟಿದರೆ ಬಂಡೆ ತೋರಿಸುತ್ತವೆ. ಇದ್ದ ನೀರಿಗೆ ಕುಡಿಯುವ ನೀರು, ನೀರಾವರಿ, ವಿದ್ಯುತ್ ಮೂರೂ ಕಾದು ಕೂತಿರುತ್ತವೆ. ಅಲ್ಲಿ ಸರಕು ಬಾರ್ಜ್ ಎನ್ನುವುದು ಸದ್ಯಕ್ಕೆ ಕಾಗದದ ಮೇಲಿನ ಮಾತು, ಅದಕ್ಕೆ ದುಡ್ಡು ಸುರಿಯುವುದು ಬೇಡ.

ಗಂಗೆಯ ಯಾವ ಭಾಗದಲ್ಲಿ ಇವತ್ತು ಕನಿಷ್ಠ ಎಷ್ಟು ಆಳ ಇದೆ ಎಂದು ತಿಳಿಸುವ ‘ಲಾಡಿಸ್’ ಎಂಬ ವ್ಯವಸ್ಥೆಯನ್ನು ಒಳನಾಡು ಜಲಮಾರ್ಗ ಪ್ರಾಧಿಕಾರ ನಡೆಸುತ್ತಿದೆ. ಸಬ್ಸಿಡಿ ಮುಗಿದ ಮೇಲೂ ಸರಕು ನದಿಯಲ್ಲೇ ಉಳಿಯುತ್ತದೋ ಇಲ್ಲವೋ ಎನ್ನುವುದು ಅದರ ನವೆಂಬರ್‌ನಿಂದ ಮೇ ತನಕದ ಅಂಕಿಗಳಲ್ಲಿ ಗೊತ್ತಾಗುತ್ತದೆ.